ನಲ್ಲಿ ಇಲ್ಲದ ಮನೆ

ಹುಣಸೂರಿನಲ್ಲಿ ನಮ್ಮ ನಾಲ್ಕು ಬೀದಿಗೆ ನೀರು ಬಿಡುತ್ತಿದ್ದವನು ದೇವಯ್ಯ. ಮೂರು ದಿನಕ್ಕೊಂದು ಸಲ ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ ಹೊತ್ತು ಬರುತ್ತಿದ್ದ. ವಾಲ್ವಿನ ಗುಂಡಿ ನಮ್ಮ ಮನೆಯ ಎದುರಿಗೇ ಇದೆ. ಅವನು ಚಪ್ಪಡಿ ಸರಿಸಿ, ಕೀಲಿ ಇಳಿಸಿ ತಿರುವಿದರೆ ಮೊದಲು ಕೆಮ್ಮುವುದು ನನ್ನ ನಲ್ಲಿ. ಆಮೇಲೆ ಕೆಂಪಯ್ಯನ ಮನೆಯದು, ಆಮೇಲೆ ಕೇರಳದಿಂದ ಬಂದ ಬೇಬಿ ಚೇಟನ ಟೀ ಅಂಗಡಿಯದು. ಹೀಗೆ ಸದ್ದು ಒಂದೊಂದೇ ಮನೆ ದಾಟಿ ತಗ್ಗಿನ ಮಸೀದಿ ಬೀದಿಯವರೆಗೆ ಹೋಗುತ್ತಿತ್ತು. ಕಟ್ಟೆಯ ಮೇಲೆ ಕೂತು ಆ ಸದ್ದು ಕೇಳುವುದೇ ನನಗೆ ದೊಡ್ಡ ಕೆಲಸ.

ದೇವಯ್ಯ ಅಂತರಸಂತೆ ಕಡೆಯವನು. ಅವನ ಅಪ್ಪ ಕಾಡಿನಲ್ಲಿ ಬೆಂಕಿ ಹರಡದ ಹಾಗೆ ಪೊದೆ ಸವರಿ ದಾರಿ ಬಿಡಿಸುವ ಕೂಲಿ ಮಾಡುತ್ತಿದ್ದನಂತೆ. ದೇವಯ್ಯ ಹತ್ತೊಂಬತ್ತು ವರ್ಷದವನಿದ್ದಾಗ ಪೈಪಿಗೆ ಕಾಲುವೆ ತೋಡುವ ಗುಂಪಿನ ಜೊತೆ ಹುಣಸೂರಿಗೆ ಬಂದ. ಈಗ ನಮ್ಮ ಬೀದಿಯ ಕೆಳಗೆ ಮಲಗಿರುವ ಪೈಪನ್ನು ಹೂತವರಲ್ಲಿ ಅವನೂ ಒಬ್ಬ. ಉಳಿದವರೆಲ್ಲ ಮುಂದಿನ ಊರಿಗೆ ಹೋದರು, ಇವನು ಪೈಪಿನ ಜೊತೆ ಇಲ್ಲೇ ಉಳಿದ. ಮೂವತ್ತೈದು ವರ್ಷ ಆಯಿತು. ಹೆಂಡತಿ ಚಾಮುಂಡಮ್ಮನ ತವರಿನಿಂದ ಬಂದ ಮುಕ್ಕಾಲು ಎಕರೆ ಊರಾಚೆ ಇದೆ. ಅಲ್ಲಿ ಹೊಗೆಸೊಪ್ಪು ಹಾಕುತ್ತಾರೆ.

ಅವನು ಓದಿದ್ದು ನಾಲ್ಕನೇ ಕ್ಲಾಸು. ಹೋದ ವರ್ಷ ಮನೆಮನೆ ಸಮೀಕ್ಷೆಗೆ ಆಶಾರಾಣಿ ಟೀಚರ್ ಬಂದಿದ್ದರು. ಬಿಸಿಲಿಗೆ ಸುಸ್ತಾಗಿ ನನ್ನ ಕಟ್ಟೆಯ ಮೇಲೆ ಕೂತು, ಮೊಬೈಲು ಒತ್ತಿ ಒತ್ತಿ ಬೇಸತ್ತು, "ಅಜ್ಜಿ, ಈ ಬೀದಿಗಳಲ್ಲಿ ಒಟ್ಟು ಎಷ್ಟು ಜನ ಇರಬಹುದು?" ಅಂದರು. ಗುಂಡಿಯ ಹತ್ತಿರ ನಿಂತಿದ್ದ ದೇವಯ್ಯನೇ ಉತ್ತರ ಕೊಟ್ಟ.

"ನೂರ ಹದಿನಾರು ನಲ್ಲಿ, ಐನೂರ ಮೂವತ್ತೆರಡು ಜನ ಮೇಡಂ. ಕಂಠಪ್ಪನೋರ ಸೊಸೆ ಬಾಣಂತನಕ್ಕೆ ಪಿರಿಯಾಪಟ್ಟಣಕ್ಕೆ ಓಗವ್ರೆ. ಅವ್ರೂ ಸೇರಿ."

"ನಿಮಗೆ ಹೇಗ್ರೀ ಗೊತ್ತು?"

"ಕೊಡದ ಲೆಕ್ಕ ಮೇಡಂ. ಒಂದು ತಲೆ ಜಾಸ್ತಿ ಆದ್ರೆ ಎಲ್ಡು ಕೊಡ ಜಾಸ್ತಿ. ಮನೇಗೆ ನೆಂಟ್ರು ಬಂದಿರೋದು ಪಕ್ಕದ ಮನೇರಿಗಿಂತ ಮೊದ್ಲು ನಂಗೊತ್ತಾಯ್ತದೆ."

ಟೀಚರ್ ನಕ್ಕರು. "ಸಾಮಿಲ್ ಹಿಂದೆ ಒಂದು ತಗಡಿನ ಶೆಡ್ ಇದೆಯಲ್ಲ, ಅಲ್ಲಿ?"

"ಅಲ್ಲಿ ನಲ್ಲಿ ಇಲ್ಲ ಮೇಡಂ."

"ಜನ?"

"ನಲ್ಲೀನೇ ಇಲ್ಲ ಅಂದ್ಮೇಲೆ ಜನ ಎಲ್ಲಿಂದ ಬತ್ತಾರೆ?"

ಟೀಚರ್ ಎದ್ದು ಹೋದರು. ನಾನು ಬಾಯಿ ಬಿಡಲಿಲ್ಲ. ಶೆಡ್ಡಿನಲ್ಲಿ ಒಂಬತ್ತು ಜನ ಇದ್ದರು. ಅಸ್ಸಾಮಿನವರು. ಮರ ಕೊಯ್ಯುವ ಸಾಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರು. ಅವರ ಶೆಡ್ಡು ಇರುವುದು ನನ್ನ ಹಿತ್ತಲ ಗೋಡೆಯ ಆಚೆಗೆ. ನನ್ನ ಎರಡು ಕೊಡ ತುಂಬಿದ ಮೇಲೆ ಅವರ ಹಸಿರು ಪೈಪನ್ನು ಹಿತ್ತಲಲ್ಲಿರುವ ನನ್ನ ನಲ್ಲಿಗೆ ಸಿಕ್ಕಿಸಿಕೊಳ್ಳಲು ನಾನೇ ಬಿಟ್ಟಿದ್ದೆ. ಒಂದು ನಲ್ಲಿಯಿಂದ ಇನ್ನೊಂದು ಮನೆಗೆ ನೀರು ಕೊಡಬಾರದು ಅನ್ನುವುದು ದೇವಯ್ಯನ ಕಟ್ಟುನಿಟ್ಟು. ಅದಕ್ಕೇ ಹೇಳಲಿಲ್ಲ.

ದೇವಯ್ಯನ ಇನ್ನೊಂದು ಕಟ್ಟುನಿಟ್ಟು ಗುಂಡಿಯದು. ಪೈಪಿನ ಕೀಲು ಸೋರಿ ಸೋರಿ ಗುಂಡಿಯಲ್ಲಿ ಸದಾ ಮೊಣಕಾಲುದ್ದ ತಿಳಿನೀರು ನಿಂತಿರುತ್ತದೆ. ಅಲ್ಲಿ ಯಾರಾದರೂ ಕಾಲು ತೊಳೆದರೆ ಸಾಕು, ಓಡಿ ಬರುತ್ತಿದ್ದ. "ನೀರು ಬುಟ್ಟಾಗ ಪೈಪು ಉಗೀತದೆ, ನಿಲ್ಲಿಸ್ದಾಗ ಒಳಕ್ಕೆ ಎಳ್ಕೊತದೆ ಕಣ್ರೋ. ನಿಮ್ಮ ಕಾಲಿನ ಕೊಳೆ ನಾಡಿದ್ದು ನಿಮ್ಮ ಲೋಟಕ್ಕೇ ಬತ್ತದೆ!" ಅಂತ ಬೈಯುತ್ತಿದ್ದ.

ಹಾಗೆ ಬೈಯುತ್ತಿದ್ದವನೇ ಒಂದು ಶುಕ್ರವಾರ ಸಾಯಂಕಾಲ ಅದೇ ಗುಂಡಿಯಲ್ಲಿ ಔಷಧಿ ಹೊಡೆಯುವ ಕ್ಯಾನು ತೊಳೆದ. ಹೊಗೆಸೊಪ್ಪಿನ ಸಸಿಮಡಿಗೆ ಹುಳ ಬಿದ್ದಿತ್ತು. ಕ್ಯಾನು ಅವನದಲ್ಲ, ಕಂಠಪ್ಪನದು. ಕಂಠಪ್ಪನಿಗೆ ಬೀಜ, ಗೊಬ್ಬರ, ಹುಳದ ಔಷಧಿಯ ಅಂಗಡಿ. ಕೇಳಿದವರಿಗೆಲ್ಲ ಕ್ಯಾನು ಕೊಡುತ್ತಾನೆ, ಆದರೆ ತೊಳೆಯದೆ ತಂದರೆ ಎಂಟು ಜನರ ಮುಂದೆ ಮರ್ಯಾದೆ ಕಳೆಯುತ್ತಾನೆ. ಎರವಲು ತಂದದ್ದನ್ನು ತೊಳೆದೇ ಹಿಂದಿರುಗಿಸಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಒರಳಾಗಲಿ, ಹಂಡೆಯಾಗಲಿ, ಕೊಳೆ ಸಮೇತ ಕೊಟ್ಟರೆ ಮತ್ತೆ ಅವರ ಬಾಗಿಲು ತುಳಿಯುವ ಹಾಗಿಲ್ಲ. ಹೊಲದಲ್ಲಿ ನೀರಿರಲಿಲ್ಲ. ಅಂಗಡಿ ಮುಚ್ಚುವ ಹೊತ್ತಾಗಿತ್ತು. ಗುಂಡಿಯಲ್ಲಿ ನೀರಿತ್ತು.

ನಾನು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನೋಡಿದೆ. ಏನನ್ನೋ ನೀರಿನಲ್ಲಿ ಜಾಲಿಸುತ್ತಿದ್ದಾನೆ ಅಂದುಕೊಂಡು ಸುಮ್ಮನಾದೆ.

ಸೋಮವಾರ ಹನ್ನೊಂದು ಗಂಟೆಗೆ ದೇವಯ್ಯ ನೀರು ಬಿಟ್ಟ. ರಂಜಾನ್ ತಿಂಗಳು, ಬಿಸಿಲು ಆಗಲೇ ಏರಿತ್ತು. ನನ್ನ ನಲ್ಲಿ ಕೆಮ್ಮಿತು, ನೀರು ಬಂತು, ಜೊತೆಗೆ ಕೊಳೆತ ಬೆಳ್ಳುಳ್ಳಿಯಂಥ ಒಂದು ವಾಸನೆ ಬಂತು. ಬ್ಲೀಚಿಂಗ್ ಪೌಡರು ಹೆಚ್ಚು ಹಾಕಿದ್ದಾರೆ ಅಂದುಕೊಂಡೆ. ಎರಡು ಕೊಡ ತುಂಬಿಸಿ ದೇವರ ಗೂಡಿನ ಕೆಳಗೆ ಇಟ್ಟೆ. ಶೆಡ್ಡಿನವನೊಬ್ಬ ಕಣ್ಣುಜ್ಜಿಕೊಂಡು ಗೋಡೆ ಹತ್ತಿ ಬಂದು ಹಸಿರು ಪೈಪು ಸಿಕ್ಕಿಸಿ ಹೋದ.

ಹನ್ನೊಂದು ಮುಕ್ಕಾಲಿಗೆ ದೇವಯ್ಯ ವಾಲ್ವು ಮುಚ್ಚಲು ಗುಂಡಿಗೆ ಬಗ್ಗಿದ. ಬಗ್ಗಿದವನು ಹಾಗೇ ಇದ್ದ. ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದಾಗ ಅವನ ಅಂಗೈಯಲ್ಲಿ ಕ್ಯಾನಿನಿಂದ ಬಿದ್ದ, ಔಷಧಿ ಬಾಟಲಿಯ ಕೆಂಪು ಪ್ಲಾಸ್ಟಿಕ್ಕಿನ ಮುಚ್ಚಳ ಒಂದಿತ್ತು. ಮುಖ ಬೂದಿಯಾಗಿತ್ತು.

"ಪುಟ್ಟವ್ವ," ಅಂದ. "ನೀರು ಕುಡುದ್ರಾ?"

"ಇನ್ನೂ ಇಲ್ಲ ಕಣಪ್ಪ. ಯಾಕೆ?"

"ಕುಡೀಬ್ಯಾಡಿ. ಚೆಲ್ಬುಡಿ. ಕಪ್ಪೆ ಸತ್ತು ತೇಲ್ತಾವೆ."

ಇಷ್ಟೇ ಅಂದು ವಾಲ್ವು ತಿರುವಿ ಮುಚ್ಚಿ, ಕೀಲಿಯನ್ನು ಗುಂಡಿಯ ಬಾಯಲ್ಲೇ ಎಸೆದು ಓಡಿದ. ನಾನು ಕೊಡಗಳನ್ನು ಚರಂಡಿಗೆ ಬೋರಲು ಹಾಕಿ, ಸೆರಗು ಕಟ್ಟಿ, ಅವನ ಹಿಂದೆ ಹೊರಟೆ. ಗಾಬರಿಯಲ್ಲಿ ನನ್ನದೇ ನಲ್ಲಿಗೆ ಸಿಕ್ಕಿಸಿದ್ದ ಹಸಿರು ಪೈಪಿನ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಬೀದಿಯ ಮನೆಗಳನ್ನು ಸಾಲಾಗಿ ಹಿಡಿಯಲಿಲ್ಲ. ಯಾವ ಮನೆಯಲ್ಲಿ ನೀರು ಮೊದಲು ಬಾಯಿಗೆ ಹೋಗುತ್ತದೋ ಆ ಮನೆಗೆ ಮೊದಲು. ಅದು ಅವನಿಗೆ ಒಬ್ಬನಿಗೇ ಗೊತ್ತಿತ್ತು. ಕೆಂಪಯ್ಯನ ಮನೆಯಲ್ಲಿ ಮೊದಲ ಬಕೆಟ್ಟು ಹಸುಗಳಿಗೆ. ಬೇಬಿ ಚೇಟ ಮೊದಲ ಹಂಡೆಯನ್ನೇ ಒಲೆಗೇರಿಸಿ, ಕೇರಳದ ಕೆಂಪು ಚಕ್ಕೆ ಹಾಕಿ ಕುದಿಸಿ, ಗಿರಾಕಿಗಳಿಗೆ ಕೆಂಪು ನೀರು ಕೊಡುತ್ತಾನೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನಿಂದ ಬಂದು ಬಾಡಿಗೆ ರೂಮಿನಲ್ಲಿರುವ ಯಾಂಗ್‌ಚೆನ್, ನಮ್ಮೆಲ್ಲರ ಬಾಯಲ್ಲಿ ಯಂಚಮ್ಮ, ಬುದ್ಧನ ಮುಂದೆ ಏಳು ಬಟ್ಟಲು ನೀರಿಟ್ಟು ಸಂಜೆ ಗಿಡಕ್ಕೆ ಹಾಕುತ್ತಾಳೆ, ಆದರೆ ಅವಳ ಉಪ್ಪುಬೆಣ್ಣೆ ಚಹಾದ ಪಾತ್ರೆ ದಿನವಿಡೀ ಒಲೆಯ ಮೇಲೆ. ಕಂಠಪ್ಪನ ಮನೆಯಲ್ಲಿ ಲಿಂಗಪೂಜೆ ಮುಗಿಯದೆ ಯಾರೂ ಹನಿ ಮುಟ್ಟುವುದಿಲ್ಲ, ಪೂಜೆ ಹನ್ನೆರಡೂವರೆಗೆ. ಮಸೀದಿ ಬೀದಿಯಲ್ಲಿ ಎಲ್ಲರಿಗೂ ರೋಜಾದ ಉಪವಾಸ, ಸಂಜೆ ಆರೂವರೆಯವರೆಗೆ ನೀರು ಮಡಕೆಯಲ್ಲಿ ತಣ್ಣಗೆ ಕೂತಿರುತ್ತದೆ. ಆಮೇಲೆ ಇನ್ನೂರು ಜನ ಒಂದೇ ಗಳಿಗೆಯಲ್ಲಿ ಕುಡಿಯುತ್ತಾರೆ.

ಕೆಂಪಯ್ಯ ಕೊಟ್ಟಿಗೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. "ಬಾಪ್ಪ ದೇವಯ್ಯ. ಏನು ನೀರ್ಲಾ ಇದು? ಅಸ ಮೂಸಿ ಮೂತಿ ತಿರುವ್ತು. ನಮ್ಮನೇವ್ಳಿಗೆ ಅಸೀಗಿರೋ ಬುದ್ಧೀನೂ ಇಲ್ಲ, ಅದ್ರಲ್ಲೇ ಸಾರಿಗಿಟ್ಟವ್ಳೆ."

"ಸಾರು ಚೆಲ್ಲು ಕೆಂಪಣ್ಣ! ಪೈಪಲ್ಲಿ ಏನೋ ಬಿದ್ದದೆ!"

"ಏನು ಬಿದ್ದದೆ?"

"ಏನೋ ಬಿದ್ದದೆ!"

ಆ 'ಏನೋ' ಅನ್ನುವ ಮಾತೇ ಅವನಿಗೆ ಅಡ್ಡ ಬಂತು. ಹೋದ ತಿಂಗಳು ಇಲಿ ಸತ್ತಿದೆ ಅಂದಿದ್ದ. ಅದಕ್ಕೂ ಮೊದಲು ಚರಂಡಿ ಸೇರಿದೆ ಅಂದಿದ್ದ. ಆಗೆಲ್ಲ ಜನ ಬಟ್ಟೆ ಕಟ್ಟಿ ಸೋಸಿ, ಕುದಿಸಿ, ಕುಡಿದಿದ್ದರು. ಮೂರು ದಿನಕ್ಕೊಮ್ಮೆ ಬರುವ ನೀರನ್ನು ಸುಮ್ಮನೆ ಚೆಲ್ಲುವ ಹೆಂಗಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಬೇಬಿ ಚೇಟ ಹಂಡೆಯ ಮುಚ್ಚಳ ತೆಗೆಯಲೂ ಒಪ್ಪಲಿಲ್ಲ. "ಕುದೀತಾ ಉಂಟಲ್ಲ ದೇವಯ್ಯ. ಕುದಿಸಿದ್ರೆ ಎಲ್ಲ ಹುಳ ಸಾಯ್ತದೆ."

"ಹುಳ ಸಾಯಲಿ ಅಂತ ಕುದಿಸ್ತೀರ. ಇದು ಹುಳಾನೇ ಸಾಯಿಸೋದು ಚೇಟಾ!"

"ಏನದು?"

ದೇವಯ್ಯ ಚೇಟನ ಮುಖ ನೋಡಿದ, ನೆಲ ನೋಡಿದ, ಒಲೆಯ ಕೊಳ್ಳಿಯನ್ನು ಎಳೆದು ಹೊರಗೆ ಹಾಕಿ ಓಡಿದ. ಚೇಟ ಅವನ ಬೆನ್ನಿಗೆ ಮಲಯಾಳದಲ್ಲಿ ಏನೋ ಬೈದು, ಕೊಳ್ಳಿ ಎತ್ತಿಕೊಂಡು ಮತ್ತೆ ಒಲೆಗೆ ತುರುಕಿದ. ನಾನು ನೋಡುತ್ತಲೇ ಇದ್ದೆ.

ಚೆಲ್ಲಿದವಳು ಯಂಚಮ್ಮ ಒಬ್ಬಳೇ. ಅವಳು ಯಾಕೆ ಅಂತ ಕೇಳಲಿಲ್ಲ. ದೇವಯ್ಯನ ಮುಖ ನೋಡಿ ಚಹಾದ ಪಾತ್ರೆಯನ್ನು ಮಸಿಬಟ್ಟೆಯೂ ಇಲ್ಲದೆ ಎತ್ತಿ ಮೋರಿಗೆ ಸುರಿದಳು. "ಬಟ್ಟಲಲ್ಲಿ ಇರೋದೂ?" ಅಂದಳು. "ಅದೂವೆ ಯಂಚಮ್ಮ. ಗಿಡಕ್ಕೂ ಬ್ಯಾಡ." ಏಳು ಬಟ್ಟಲನ್ನೂ ಒಂದೊಂದಾಗಿ ಖಾಲಿ ಮಾಡಿದಳು.

ಕಂಠಪ್ಪ ಪೂಜೆಗೆ ಕೂತಿದ್ದ. ಅವನ ಹೆಂಡತಿ, "ಅವರು ಏಳೋವರೆಗೂ ಯಾರೂ ಮುಟ್ಟಕಿಲ್ಲ, ಎದ್ಮೇಲೆ ಹೇಳ್ತೀನಿ ಬುಡು," ಅಂತ ಬಾಗಿಲು ಎಳೆದುಕೊಂಡಳು.

ಹೀಗೆ ಎರಡು ಗಂಟೆಯವರೆಗೆ. ಅರವತ್ತು ಮನೆಯನ್ನಾದರೂ ಹತ್ತಿ ಇಳಿದಿರಬೇಕು. ಎಲ್ಲರೂ ತಲೆಯಾಡಿಸಿದರು, ಕೊಡ ಬೋರಲು ಮಾಡಿದವರು ಬೆರಳೆಣಿಕೆ. ಪುಣ್ಯಕ್ಕೆ ಹೆಚ್ಚಿನ ಮನೆಗಳಲ್ಲಿ ಹಿಂದಿನ ಸಲದ ನೀರು ಇನ್ನೂ ಮುಗಿದಿರಲಿಲ್ಲ. ಮಸೀದಿ ಬೀದಿಗೆ ಬಂದಾಗ ಖೈರುನ್ನಿಸ ಮಡಕೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. "ಸೋಸಿ ಇಡ್ತಾ ಇವ್ನಿ ಅಣ್ಣ, ನೀನು ಹೇಳಿದ್ಯಂತಲ್ಲ," ಅಂದಳು ನಗುತ್ತಾ. ಮಸೀದಿಯ ಅಂಗಳದಲ್ಲಿ ಗಂಜಿ ಕೊಪ್ಪರಿಗೆಗೆ ನೀರು ತುಂಬಿಸಿಯಾಗಿತ್ತು. ಸೌದೆ ಜೋಡಿಸುತ್ತಿದ್ದರು.

ದೇವಯ್ಯ ಮಸೀದಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಬಾಂಗು ಕೂಗುವ ಗಫಾರ್ ಸಾಬರು ಹೊರಗೆ ಬಂದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಉಪವಾಸಕ್ಕೆ ತುಟಿ ಒಣಗಿತ್ತು.

"ಸಾಬ್ರೇ, ಮೈಕಲ್ಲಿ ಒಂದು ಮಾತು ಹೇಳಿ. ನೀರು ಚೆಲ್ಲಿ ಅಂತ. ನಾಲ್ಕು ಬೀದಿಗೂ ಕೇಳಿಸ್ತದೆ."

"ಹೇಳ್ತೀನಿ. ಯಾಕೆ ಅಂತ ಹೇಳ್ಲಿ?"

"ಪೈಪಲ್ಲಿ ಏನೋ..."

"ಏನೋ ಅಂದ್ರೆ ಯಾರು ಚೆಲ್ತಾರೆ ದೇವಯ್ಯ? ರೋಜಾ ಬಿಡೋ ನೀರು ಅದು. ಬೆಳಗಿನ ಜಾವದಿಂದ ಗಂಟಲು ಒಣಗಿಸ್ಕೊಂಡು ಕೂತವ್ರೆ. ನಿಜ ಏನಂತ ಹೇಳು, ನಾನು ಹೇಳ್ತೀನಿ. ಬಾಯಿಗೆ ಬಂದಿದ್ದು ಹೇಳಿ ನನ್ನ ರೋಜಾ ಕೆಡಿಸ್ಕೊಳ್ಳಾಕೆ ಆಗಲ್ಲಪ್ಪ."

ದೇವಯ್ಯ ಅಂಗೈ ಬಿಚ್ಚಿ ಆ ಕೆಂಪು ಮುಚ್ಚಳವನ್ನೇ ನೋಡುತ್ತಿದ್ದ. ಮೂವತ್ತೈದು ವರ್ಷ ಆ ಗುಂಡಿಯನ್ನು ಕಾಯ್ದವನು. ಬೇರೆಯವರ ಕಾಲ ಕೊಳೆಗೆ ಬೈದವನು. ಅಂಗಳದಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಕೊಪ್ಪರಿಗೆಯ ಕೆಳಗೆ ಹೊಗೆ ಎದ್ದಿತು.

"ದೇವಯ್ಯ," ಅಂದೆ ನಾನು. "ಶುಕ್ರವಾರ ಸಾಯಂಕಾಲ ನಾನು ಕಟ್ಟೆ ಮೇಲೇ ಕೂತಿದ್ದೆ ಕಣಪ್ಪ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಅಷ್ಟೇ. ಎದ್ದು, ಚಪ್ಪಲಿ ಬಿಟ್ಟು, ಕಾಲು ತೊಳೆಯಲು ತೊಟ್ಟಿಗೆ ಕೈ ಚಾಚಿ, ಆ ನೀರೂ ಅದೇ ಅನ್ನುವುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡು, ಒಳಗೆ ಹೋದ. ಗಫಾರ್ ಸಾಬರೇ ಮೈಕಿನ ಗುಂಡಿ ಒತ್ತಿ ಅವನ ಕೈಗೆ ಕೊಟ್ಟರು. ನಾಲ್ಕು ಬೀದಿಗೂ ಮೊದಲು ಕೇಳಿಸಿದ್ದು ಅವನ ಏದುಸಿರು.

"ನಾನು ನೀರು ಬುಡೋ ದೇವಯ್ಯ ಮಾತಾಡ್ತಾ ಇವ್ನಿ. ಶುಕ್ರವಾರ ಸಾಯಂಕಾಲ, ಹೊಗೆಸೊಪ್ಪಿನ ಸಸೀಗೆ ಹುಳದ ಔಷ್ದಿ ಹೊಡೆದ ಕ್ಯಾನ ತಂದು ನಾನೇ ವಾಲ್ವ್ ಗುಂಡೀಲಿ ತೊಳ್ದೆ. ಪೈಪು ಅದ್ನ ಒಳಕ್ಕೆ ಎಳ್ಕೊಂಡದೆ. ಇವತ್ತು ನಿಮ್ಮ ಮನೆಗೆ ಬುಟ್ಟಿರೋದು ಆ ನೀರೇಯ. ಇಲಿ ಅಲ್ಲ, ಚರಂಡಿ ಅಲ್ಲ. ವಿಸ. ಹಾಕ್ದೋನು ನಾನು. ಸೋಸ್ಬ್ಯಾಡಿ, ಕಾಸ್ಬ್ಯಾಡಿ, ಚೆಲ್ಲಿ. ಚೆಲ್ಲಿ ಬಂದು ನನ್ನ ಏನು ಬೇಕಾದ್ರೂ ಮಾಡಿ."

ಆಮೇಲೆ ಎಲ್ಲೋ ಒಂದು ಕೊಡ ಬಿತ್ತು. ಅದರ ಹಿಂದೆ ಇನ್ನೊಂದು. ನಾಲ್ಕು ಬೀದಿಯ ಮೋರಿಗಳು ಮಳೆಗಾಲದ ಹಾಗೆ ಒಟ್ಟಿಗೆ ಹರಿದವು. ಖೈರುನ್ನಿಸ ಮಡಕೆ ಎತ್ತಿ ಬೀದಿಗೆ ಒಡೆದೇ ಬಿಟ್ಟಳು. ಅಂಗಳದಲ್ಲಿ ಕೊಪ್ಪರಿಗೆ ಮಗುಚಿ ಬೆಂಕಿ ಚುಸ್ಸೆಂದಿತು.

ಜನ ಸೇರಿದರು. ಬೇಬಿ ಚೇಟ ಬಂದ, ಖಾಲಿ ಹಂಡೆಯನ್ನು ತೋರಿಸಲು ಎಂಬಂತೆ ಎತ್ತಿಕೊಂಡೇ ಬಂದಿದ್ದ. "ಆರು ಜನಕ್ಕೆ ಚಹಾ ಕೊಡೋದಿತ್ತು ಪಾಪಿ, ಆರು ಜನಕ್ಕೆ!" ಅಂದ. ಕೆಂಪಯ್ಯ ದೇವಯ್ಯನ ಅಂಗಿ ಹಿಡಿದು ಜಗ್ಗಿದ. "ನಮ್ಮನ್ನೆಲ್ಲ ಬೈತಿದ್ದೆಯಲ್ಲೋ, ಕಾಲು ತೊಳೀಬ್ಯಾಡಿ ಅಂತ! ಬೆಳಗ್ಗೇನೇ ಬೊಗಳಾಕೆ ಏನಾಗಿತ್ತು ನಿಂಗೆ?" ಕಂಠಪ್ಪ ಪೂಜೆಯ ಮಡಿಯಲ್ಲೇ ಬಂದು ನಿಂತ, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ಅವನು ಏನೂ ಬೈಯಲಿಲ್ಲ. "ತೊಳೆದು ತಂದ್ಕೊಡು ಅಂತ ನಾನೇ ಅಂದಿದ್ದು," ಅಂದ, ಯಾರಿಗೂ ಅಲ್ಲದ ಹಾಗೆ.

ಗಫಾರ್ ಸಾಬರು ಕೈ ಎತ್ತಿ ಎಲ್ಲರನ್ನೂ ತಡೆದರು. "ಬೈಯೋದು ಆಮೇಲೆ. ಎಲ್ಲಾ ಮನೇನೂ ಆಯ್ತಾ ದೇವಯ್ಯ? ಒಂದೂ ಬಿಟ್ಟಿಲ್ಲ ತಾನೆ?"

ದೇವಯ್ಯ ಕಣ್ಣು ಮುಚ್ಚಿದ. ತುಟಿ ಅಲುಗುತ್ತಿತ್ತು. ಬೀದಿ ಬೀದಿಯಾಗಿ, ನಲ್ಲಿ ನಲ್ಲಿಯಾಗಿ ಎಣಿಸುತ್ತಿದ್ದ. "ಕೂಗಿದ್ದು ಎಲ್ಲಾರ್ಗೂ ಕೇಳಿಸ್ತು. ಬೀಗ ಹಾಕಿರೋ ಮನೆ ಮೂರು, ಅವ್ರು ಊರಲ್ಲಿಲ್ಲ. ನೂರ ಹದಿನಾರೂ ಆಯ್ತು," ಅಂದ.

ಆಗ ನನಗೆ ಹಸಿರು ಪೈಪು ಕಣ್ಣ ಮುಂದೆ ಬಂತು.

ಅವನ ತೋಳು ಹಿಡಿದೆ. "ಸಾಮಿಲ್ ಶೆಡ್ಡು ದೇವಯ್ಯ. ಒಂಬತ್ತು ಜನ ಅವ್ರೆ. ನನ್ನ ನಲ್ಲೀಲಿ ನಾನೇ ಬುಟ್ಟಿದ್ದೆ."

"ಅವ್ರಿಗೆ ಕನ್ನಡ..."

"ಬರಾಕಿಲ್ಲ ಕಣೋ! ಮೈಕು ಕೇಳಿದ್ರೂ ಏನು ಗೊತ್ತಾಯ್ತದೆ? ಮೂರು ಗಂಟೆಗೆ ಎದ್ದು ಅನ್ನಕ್ಕೆ ಇಡ್ತಾರೆ!"

ಮೂರು ಹೊಡೆದು ಹತ್ತು ನಿಮಿಷವಾಗಿತ್ತು.

ದೇವಯ್ಯ ಓಡಿದ ಓಟವನ್ನು ಆ ವಯಸ್ಸಿನ ಗಂಡಸಿನಲ್ಲಿ ನಾನು ಕಂಡಿಲ್ಲ. ಅವನ ಹಿಂದೆ ಕೆಂಪಯ್ಯ, ಆಮೇಲೆ ಗಫಾರ್ ಸಾಬರು, ಕೊನೆಗೆ ನಾನು. ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ನೀಲಿ ಡ್ರಮ್ಮು ತುಂಬಿ ತುಳುಕಿ ಸುತ್ತ ಕೆಸರಾಗಿತ್ತು. ಒಬ್ಬ ನಡುವಯಸ್ಸಿನವನು ಸೌಟು ಹಿಡಿದು ಕೂತಿದ್ದ. ಇಬ್ಬರು ಹಲ್ಲುಜ್ಜುತ್ತಿದ್ದರು. ದೇವಯ್ಯನ ಬಾಯಲ್ಲಿ ಅವರ ಭಾಷೆಯ ಒಂದು ಮಾತೂ ಇರಲಿಲ್ಲ. ಹೋದವನೇ ಕಾಲಿನಲ್ಲಿ ಅನ್ನದ ಪಾತ್ರೆ ಒದ್ದ. ಬಿಸಿ ಗಂಜಿ ಅವನ ಪಾದದ ಮೇಲೆಯೇ ಚೆಲ್ಲಿತು. ಆಮೇಲೆ ಡ್ರಮ್ಮನ್ನು ತಬ್ಬಿ ಹಿಡಿದು ಉರುಳಿಸತೊಡಗಿದ.

ಗುರುತಿಲ್ಲದವನೊಬ್ಬ ಬಂದು ತಮ್ಮ ಅನ್ನ ಒದ್ದರೆ, ನೀರು ಚೆಲ್ಲಿದರೆ, ಯಾರು ತಾನೆ ಸುಮ್ಮನಿದ್ದಾರು? ಸೌಟಿನವನು ಎದ್ದು ಅವನ ತಲೆಗೆ ಬಾರಿಸಿದ. ಒಳಗಿನಿಂದ ನಾಲ್ಕು ಜನ ಓಡಿ ಬಂದರು. "ಪಾನಿ ಕ್ಯೂಂ ಗಿರಾತಾ ಹೈ! ಚೋರ್!" ಅಂತ ಬೆನ್ನಿಗೆ ಗುದ್ದಿದರು. ಹಣೆಯಿಂದ ರಕ್ತ ಇಳಿಯುತ್ತಿದ್ದರೂ ಅವನು ಡ್ರಮ್ಮು ಬಿಡಲಿಲ್ಲ. ಅದು ಪೂರ್ತಿ ಮಗುಚಿದ ಮೇಲೆ ಅದರ ಮೇಲೇ ಬಿದ್ದ. ಅಷ್ಟರಲ್ಲಿ ಗಫಾರ್ ಸಾಬರು ಗೋಡೆ ಹಿಡಿದುಕೊಂಡು, ಉಸಿರು ಸಾಲದೆ ಕೂಗಿದರು.

"ಜಹರ್ ಹೈ ಭಾಯಿ! ಪಾನಿ ಮೇ ಜಹರ್!"

ವಿಷ ಅನ್ನುವ ಮಾತು ಕೇಳಿ ಎತ್ತಿದ ಕೈಗಳು ಹಾಗೇ ನಿಂತವು. ಸೌಟಿನವನು ಸೌಟು ಬಿಟ್ಟ. ಆಮೇಲೆ ಶೆಡ್ಡಿನ ಬಾಗಿಲ ಕಡೆ ತಿರುಗಿ, "ಬಿಪುಲ್," ಅಂದ.

ಒಳಗೆ ಚಾಪೆಯ ಮೇಲೆ ಬಿಪುಲ್ ಎನ್ನುವವನು ಮೊಣಕಾಲು ಹೊಟ್ಟೆಗೆ ಮಡಚಿಕೊಂಡು ಮಲಗಿದ್ದ. ಬೆಳಿಗ್ಗೆ ನನ್ನ ಗೋಡೆ ಹತ್ತಿ ಬಂದವನು ಅವನೇ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ಪೈಪು ಸಿಕ್ಕಿಸಿ ಹೋದವನು ಬಾಯಾರಿಕೆಯೆಂದು ಆಗಲೇ ಒಂದು ಚೊಂಬು ಕುಡಿದಿದ್ದನಂತೆ. ಸೆಖೆಗೆ ಹಾಗಾಗಿದೆ ಅಂದುಕೊಂಡು ಮಲಗಿಸಿದ್ದರು.

ಬೇಬಿ ಚೇಟನ ಓಮ್ನಿ ವ್ಯಾನಿನಲ್ಲಿ ಅವನನ್ನು ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಮಾತು ತಿಳಿಸಲು ಗಫಾರ್ ಸಾಬರು, ಹಿಡಿದುಕೊಳ್ಳಲು ದೇವಯ್ಯ, ಒರೆಸಲು ನಾನು. ದಾರಿಯುದ್ದಕ್ಕೂ ಬಿಪುಲನ ತಲೆ ದೇವಯ್ಯನ ತೊಡೆಯ ಮೇಲಿತ್ತು. ಚೇಟ ಹಾರ್ನಿನ ಮೇಲೆ ಒತ್ತಿದ ಕೈ ತೆಗೆಯಲಿಲ್ಲ.

ಡಾಕ್ಟರು ಕೇಳಿದ್ದು ಒಂದೇ. "ಯಾವ ಔಷಧಿ?" ದೇವಯ್ಯ ಮುಚ್ಚಳ ತೋರಿಸಿದ. "ಮುಚ್ಚಳ ನೋಡಿ ಚಿಕಿತ್ಸೆ ಕೊಡಕ್ಕಾಗುತ್ತೇನ್ರೀ? ಹೆಸರು ಬೇಕು, ಹೆಸರು!" ಆಗ ಕಂಠಪ್ಪ ಬಂದ. ಮಡಿಪಂಚೆಯಲ್ಲೇ ಸ್ಕೂಟರ್ ಹತ್ತಿ, ಅಂಗಡಿಗೆ ಹೋಗಿ, ಅದೇ ಕೆಂಪು ಮುಚ್ಚಳದ ಬಾಟಲಿ ಎತ್ತಿಕೊಂಡು ಬಂದಿದ್ದ. ಡಾಕ್ಟರು ಬಾಟಲಿಯ ಮೇಲಿನ ಚೀಟಿ ಓದಿ ಒಳಗೆ ಓಡಿದರು.

ಆಮೇಲೆ ಕಾಯುವುದು. ನರ್ಸಮ್ಮ ಒಬ್ಬಳು ದೇವಯ್ಯನ ಹಣೆಗೆ ಪಟ್ಟಿ ಹಾಕುತ್ತಾ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಕೇಳಿದಳು. "ಪೇಷೆಂಟಿಗೆ ನೀವು ಏನಾಗ್ಬೇಕು?"

ದೇವಯ್ಯ ಒಳಗಿನ ಬಾಗಿಲ ಕಡೆ ನೋಡಿದ. "ನೀರು ಬುಡೋನು ಕಣವ್ವ."

"ಕೆಲಸ ಕೇಳ್ಲಿಲ್ಲ ಯಜಮಾನ್ರೇ. ಸಂಬಂಧ."

"ಅದೇಯ ಕಣವ್ವ."

ಅವಳು ಏನು ಬರೆದುಕೊಂಡಳೋ ಗೊತ್ತಿಲ್ಲ.

ಹೊತ್ತು ಇಳಿಯಿತು. ದೂರದ ಮಸೀದಿಯ ಬಾಂಗು ಕೇಳಿಸಿದಾಗ ಗಫಾರ್ ಸಾಬರು ಜೇಬಿನಿಂದ ಎರಡು ಖರ್ಜೂರ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ದೇವಯ್ಯನ ಕೈಗಿಟ್ಟರು. ಅವನೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಚೇಟ ಅಂಗಡಿಯ ಬಾಟಲಿ ನೀರು ತಂದು ಲೋಟಕ್ಕೆ ಬಗ್ಗಿಸಿದ. ಸಾಬರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಆಮೇಲೆ ಕಣ್ಣು ಮುಚ್ಚಿ ಕುಡಿದರು. ನಾವೆಲ್ಲ ಅವರ ಗಂಟಲನ್ನೇ ನೋಡುತ್ತಿದ್ದೆವು.

ಏಳೂವರೆಗೆ ಡಾಕ್ಟರು ಹೊರಗೆ ಬಂದು, "ಉಳೀತಾನೆ. ಎರಡು ದಿನ ಇರಲಿ," ಅಂದರು. ದೇವಯ್ಯ ಗೋಡೆಗೆ ಮುಖ ತಿರುಗಿಸಿ ನಿಂತ. ಖರ್ಜೂರ ಇನ್ನೂ ಅವನ ಮುಷ್ಟಿಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವನು ಕೀಲಿ ಹೊತ್ತುಕೊಂಡು ಬಂದ. ಗುಂಡಿಯ ಹತ್ತಿರ ನಿಲ್ಲದೆ ನನ್ನ ಕಟ್ಟೆಗೆ ಬಂದು, "ನಗರಸಭೆ ಆಫೀಸಿಗೆ ಕೀಲಿ ಒಪ್ಪಿಸಾಕೆ ಓಯ್ತಾ ಇವ್ನಿ. ನೀವೂ ಬನ್ನಿ ಪುಟ್ಟವ್ವ," ಅಂದ. ಸುಟ್ಟ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದ. ಬೀದಿಯಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ಕೆಂಪಯ್ಯ ಕೊಟ್ಟಿಗೆಯಿಂದ ಹೊರಗೆ ಬಂದು ಕೀಲಿಯನ್ನು ಅವನ ಹೆಗಲಿನಿಂದ ತೆಗೆದು ತಾನು ಹೊತ್ತುಕೊಂಡ.

ಆಫೀಸಿನಲ್ಲಿ ಒಬ್ಬ ಗುಮಾಸ್ತ ಅವನ ಹೇಳಿಕೆ ಬರೆದುಕೊಂಡ. ಯಾವತ್ತು ತೊಳೆದೆ, ಯಾಕೆ ತೊಳೆದೆ, ಎಷ್ಟು ಗಂಟೆಗೆ ನೀರು ಬಿಟ್ಟೆ. ದೇವಯ್ಯ ಒಂದನ್ನೂ ಕಡಿಮೆ ಮಾಡದೆ ಹೇಳಿದ. ಕೆಲಸ ಉಳಿಯುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ಗುಮಾಸ್ತನಿಗೂ ಗೊತ್ತಿತ್ತು.

"ಒಟ್ಟು ಎಷ್ಟು ಜನಕ್ಕೆ ಆ ನೀರು ಹೋಗಿದೆ?"

ಅವನು ನನ್ನ ಕಡೆ ತಿರುಗಿದ. "ಶೆಡ್ಡಲ್ಲಿ ಒಂಬತ್ತೇ ತಾನೆ ಪುಟ್ಟವ್ವ?"

"ಒಂಬತ್ತು ಕಣಪ್ಪ. ಬಿಪುಲನೂ ಸೇರಿ."

"ಐನೂರ ನಲವತ್ತೊಂದು ಬರ್ಕೊಳ್ಳಿ ಸಾ," ಅಂದ.

ಗುಮಾಸ್ತ ಹೋದ ವರ್ಷದ ಸಮೀಕ್ಷೆಯ ಪಟ್ಟಿ ನೋಡಿದ. "ಇಲ್ಲಿ ಐನೂರ ಮೂವತ್ತೆರಡು ಅಂತ ಇದೆಯಲ್ಲ. ನೀನೇ ಹೇಳಿದ್ದಂತೆ."

"ಅದು ತಪ್ಪು ಸಾ. ಅದನ್ನೂ ನನ್ನ ತಪ್ಪಿಗೇ ಸೇರಿಸ್ಕೊಳ್ಳಿ."

ಗುಮಾಸ್ತ ಹಳೆಯ ಸಂಖ್ಯೆಯ ಮೇಲೆ ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಬರೆದ. ದೇವಯ್ಯ ಕಾಗದವನ್ನು ಹತ್ತಿರಕ್ಕೆ ಹಿಡಿದು, ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿ, ಕೆಳಗೆ ತನ್ನ ಹೆಸರನ್ನು ನಿಧಾನವಾಗಿ ಬರೆದ.